ನಗರದ ರೈತರ ದಂಗೆ

ಮೈಸೂರಿನ ರಾಜಮನೆತನದ ಚರಿತ್ರೆಯಲ್ಲಿ ಐವತ್ತು ವರ್ಷಗಳ ಒಂದು ಬಿಡುವು ಇದೆ. 1831ರ ಅಕ್ಟೋಬರಿನಿಂದ 1881ರ ಮಾರ್ಚಿಯವರೆಗೆ ಮೈಸೂರಿನಲ್ಲಿ ಅರಸರಿದ್ದರು, ಅರಮನೆಯಿತ್ತು, ದಸರೆಯ ದರ್ಬಾರೂ ನಡೆಯುತ್ತಿತ್ತು. ಆದರೆ ರಾಜ್ಯಭಾರ ಮಾತ್ರ ಅರಸರದಾಗಿರಲಿಲ್ಲ. ಆಳುತ್ತಿದ್ದವರು ಇಂಗ್ಲಿಷರ ಕಮಿಷನರುಗಳು. ಕಚೇರಿ ಇದ್ದದ್ದು ಬೆಂಗಳೂರಿನಲ್ಲಿ. ಹೀಗೇಕಾಯಿತೆಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ನಗರದ ಕಡೆ ದಂಗೆಯಾಯಿತು, ಬ್ರಿಟಿಷರು ಆಡಳಿತವನ್ನು ವಹಿಸಿಕೊಂಡರು. ಒಂದು ವಾಕ್ಯದಲ್ಲಿ ಮುಗಿದುಹೋಗುವ ಈ ದಂಗೆ ಯಾರದು, ಏತಕ್ಕಾಗಿ ನಡೆಯಿತು, ಅದರ ಫಲ ಯಾರಿಗೆ ಸಂದಿತು ಎಂಬುದನ್ನು ಇಂದು ನಿಮ್ಮೊಡನೆ ಸ್ವಲ್ಪ ವಿವರವಾಗಿ ವಿಚಾರ ಮಾಡಬೇಕೆಂದಿದ್ದೇನೆ.

ಮೈಸೂರಿನವರಾದ ನಮಗೆ ಈ ವಿಚಾರ ಅಷ್ಟು ಸುಲಭವಾದುದಲ್ಲ. ಆಗ ಸಿಂಹಾಸನದಲ್ಲಿದ್ದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಕವಿಗಳಿಗೆ, ವಿದ್ವಾಂಸರಿಗೆ, ಸಂಗೀತಗಾರರಿಗೆ, ಚಿತ್ರಕಾರರಿಗೆ ಆಶ್ರಯವಿತ್ತವರು. ಶ್ರೀತತ್ತ್ವನಿಧಿಯಂಥ ಮಹಾಗ್ರಂಥ ಅವರ ಆಸ್ಥಾನದಲ್ಲಿ ಸಿದ್ಧವಾಯಿತು. ಜಗನ್ಮೋಹನ ಅರಮನೆ ಅವರು ಕಟ್ಟಿಸಿದ್ದು. ಈ ಊರಿನಲ್ಲಿ ಅವರ ಹೆಸರನ್ನು ಗೌರವದಿಂದಲ್ಲದೆ ಹೇಳುವುದಿಲ್ಲ. ಆದರೆ ಅದೇ ದೊರೆಯ ಕಾಲದಲ್ಲಿಯೇ ಮಲೆನಾಡಿನ ಸಾವಿರಾರು ರೈತರು ಉಳುಮೆ ಬಿಟ್ಟು ದೊರೆಯ ಸರ್ಕಾರದ ವಿರುದ್ಧ ನಿಂತರು ಎಂಬುದೂ ನಿಜ. ಈ ಎರಡು ಸತ್ಯಗಳಲ್ಲಿ ಒಂದನ್ನು ಹೇಳುವುದಕ್ಕಾಗಿ ಇನ್ನೊಂದನ್ನು ಮರೆಮಾಚಬೇಕಾಗಿಲ್ಲ.

ಮೊದಲು ಕಾಲವನ್ನು ನೆನಪಿಗೆ ತಂದುಕೊಳ್ಳೋಣ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಸುಲ್ತಾನನ ರಾಜ್ಯ ಹಂಚಿಹೋಯಿತು. ಉಳಿದ ಭಾಗಕ್ಕೆ ಐದು ವರ್ಷದ ಬಾಲಕ ಕೃಷ್ಣರಾಜರನ್ನು ಅರಸರನ್ನಾಗಿ ಮಾಡಿ, ಹಿಂದೆ ಟಿಪ್ಪುವಿನ ಬಳಿ ಮಂತ್ರಿಯಾಗಿದ್ದ ಪೂರ್ಣಯ್ಯನವರನ್ನು ದಿವಾನರನ್ನಾಗಿ ನಿಲ್ಲಿಸಿದರು. ಈ ಏರ್ಪಾಡಿಗೆ ತೆರಬೇಕಾದ ಬೆಲೆಯೂ ಇತ್ತು. ಈಸ್ಟ್ ಇಂಡಿಯಾ ಕಂಪೆನಿಗೆ ವರ್ಷಕ್ಕೆ ಏಳು ಲಕ್ಷ ವರಹ ಕಪ್ಪ ಸಲ್ಲಬೇಕು. ಸಲ್ಲದೆ ಹೋಗುವ ಭಯ ಕಂಡುಬಂದರೆ ಕಂಪೆನಿ ರಾಜ್ಯದ ಯಾವುದೇ ಭಾಗವನ್ನು ತಾನೇ ವಹಿಸಿಕೊಳ್ಳಬಹುದು ಎಂದು ಒಪ್ಪಂದದಲ್ಲಿ ಬರೆದಿತ್ತು. 1807ರಲ್ಲಿ ಇದಕ್ಕೆ ಇನ್ನೊಂದು ಹೊರೆ ಸೇರಿತು: ಮೈಸೂರು ಸರ್ಕಾರ ತನ್ನ ಖರ್ಚಿನಲ್ಲಿ 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿಟ್ಟಿರಬೇಕು. ಈ ಒಪ್ಪಂದದ ಮಾತನ್ನು ನೆನಪಿನಲ್ಲಿಡಿ. ಕಥೆಯ ಕೊನೆಯಲ್ಲಿ ಅದು ಮತ್ತೆ ಬರುತ್ತದೆ.

ಪೂರ್ಣಯ್ಯನವರು ಬಿಗಿಯಾದ ಕೈಯಿನ ಆಡಳಿತಗಾರರು. 1811ರ ಹೊತ್ತಿಗೆ ಅವರು ಅಧಿಕಾರದಿಂದ ಸರಿದಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮೇಲ್ಪಟ್ಟು ಹಣವಿತ್ತೆಂದು ಹೇಳಿಕೆ. ಮರುವರ್ಷ ಅವರು ತೀರಿಕೊಂಡರು. ಹದಿನೇಳರ ಹರೆಯದ ದೊರೆಯ ಕೈಗೆ ತುಂಬಿದ ಬೊಕ್ಕಸ ಬಂದಿತು. ಅದನ್ನು ಕಾಯುವ ಅನುಭವಿ ಕೈ ಮಾತ್ರ ಇಲ್ಲವಾಯಿತು. ಕೊಡುಗೈ ದೊರೆ, ಹೊಗಳುವ ಬಳಗ, ಮೇಲಿಂದ ಮೇಲೆ ಬದಲಾಗುವ ಅಧಿಕಾರಿಗಳು. ಹೀಗೆ ಕೆಲವೇ ವರ್ಷಗಳಲ್ಲಿ ಹಣ ಕರಗಿತು. ಕುದುರೆ ಸವಾರರಿಗೆ ಸಂಬಳ ಬಾಕಿ ಬಿದ್ದಿತು. ಹಳ್ಳಿಗಳನ್ನು ಕಡಿಮೆ ಗೇಣಿಗೆ ಕಾಯಂ ಆಗಿ ಬಿಟ್ಟುಕೊಟ್ಟುದರಿಂದ ಮುಂದಿನ ಆದಾಯವೂ ಕುಗ್ಗಿತು. 1825ರಲ್ಲಿ ಮದರಾಸಿನ ಗವರ್ನರ್ ಸರ್ ತಾಮಸ್ ಮನ್ರೋ ಮೈಸೂರಿಗೇ ಬಂದು, ಆಡಳಿತ ಸರಿಹೋಗದಿದ್ದರೆ ಕಂಪೆನಿ ಕೈಹಾಕಬೇಕಾಗುವುದೆಂದು ದೊರೆಗೆ ಎಚ್ಚರಿಕೆ ಹೇಳಿಹೋದನು. ಆ ಎಚ್ಚರಿಕೆಯಿಂದ ಹೆಚ್ಚೇನೂ ಬದಲಾಗಲಿಲ್ಲ.

ಇಷ್ಟು ಅರಮನೆಯ ಕಡೆಯ ಕಥೆ. ಆದರೆ ಅರಮನೆಯ ಬೊಕ್ಕಸ ಬರಿದಾದರೆ ನೂರಾರು ಮೈಲಿ ದೂರದ ಅಡಿಕೆ ತೋಟದವನಿಗೆ ಏನಾಗಬೇಕು? ಆಗುವುದು ಏನೆಂದರೆ ಕಂದಾಯ. ಇಲ್ಲಿಯೇ ದಂಗೆಯ ಬೇರು ಇರುವುದು.

ಆಗ ಬಳಕೆಗೆ ಬಂದಿದ್ದ ಪದ್ಧತಿಗೆ ಶರ್ತಿ ಎಂದು ಹೆಸರು. ಶರ್ತಿ ಎಂದರೆ ಕರಾರು. ತಾಲ್ಲೂಕಿನ ಅಮಲ್ದಾರನಾಗಬೇಕೆನ್ನುವವನು ಇಷ್ಟು ಹಣವನ್ನು ವಸೂಲು ಮಾಡಿ ಕೊಡುತ್ತೇನೆಂದು ಮುಂಚಿತವಾಗಿ ಒಪ್ಪಿಕೊಳ್ಳಬೇಕು. ಕಡಿಮೆಯಾದರೆ ತನ್ನ ಕೈಯಿಂದ ತುಂಬಬೇಕು. ಹೆಚ್ಚಾದರೆ ಅದನ್ನೂ ಸರ್ಕಾರಕ್ಕೆ ಒಪ್ಪಿಸಬೇಕು. ಕಾಗದದ ಮೇಲೆ ಇದು ಸರ್ಕಾರಕ್ಕೆ ಎಷ್ಟು ಲಾಭದ ಏರ್ಪಾಡು! ಆದರೆ ನೆಲದ ಮೇಲೆ ನಡೆದುದನ್ನು ನೋಡಿ. ಒಂದು ತಾಲ್ಲೂಕಿನ ನಿಜವಾದ ಹುಟ್ಟುವಳಿ ಹತ್ತು ಸಾವಿರ ವರಹ ಎಂದಿಟ್ಟುಕೊಳ್ಳೋಣ. ಒಬ್ಬನು ಹತ್ತು ಸಾವಿರಕ್ಕೆ ಒಪ್ಪಿದರೆ, ಆ ಹುದ್ದೆಯ ಮೇಲೆ ಕಣ್ಣಿಟ್ಟ ಇನ್ನೊಬ್ಬನು ಹನ್ನೊಂದು ಸಾವಿರ ಎನ್ನುತ್ತಾನೆ. ಮೂರನೆಯವನು ಹನ್ನೆರಡು ಎನ್ನುತ್ತಾನೆ. ಹುದ್ದೆ ಹನ್ನೆರಡು ಎಂದವನಿಗೆ. ಅದು ದೊರೆಯುವಂತೆ ಮಾಡಿದವರಿಗೂ ಅವನು ಕಾಣಿಕೆ ಕೊಡಬೇಕು. ಮುಂದಿನ ವರ್ಷ ಮತ್ತೊಬ್ಬನು ಮೇಲೆ ಕೂಗಿದರೆ ತನ್ನ ಸ್ಥಾನ ಹೋಗುವುದೆಂಬ ಭಯ ಬೇರೆ. ಹೀಗಿರುವಾಗ ಆ ಎರಡು ಸಾವಿರ ವರಹವೂ, ಕಾಣಿಕೆಯೂ, ಅವನ ಸ್ವಂತ ಲಾಭವೂ ಎಲ್ಲಿಂದ ಬರಬೇಕು? ಮಳೆ ಹೆಚ್ಚು ಬರುವುದಿಲ್ಲ, ನೆಲ ಹಿಗ್ಗುವುದಿಲ್ಲ. ಬರಬೇಕಾದದ್ದು ರೈತನ ಕಣಜದಿಂದಲೇ.

ಅದು ಬಂದ ದಾರಿಗಳು ಅನೇಕ. ಬಿಟ್ಟಿ ದುಡಿಮೆ ಒಂದು. ಬೆಳೆಯ ಪಾಲನ್ನು ಸರ್ಕಾರದ ಹೆಸರಿನಲ್ಲಿ ಅಳೆದುಕೊಳ್ಳುವಾಗ ನಡೆಯುವ ಮೋಸ ಇನ್ನೊಂದು. ಇವೆಲ್ಲಕ್ಕಿಂತ ವಿಚಿತ್ರವಾದವು ಚಿಲ್ಲರೆ ತೆರಿಗೆಗಳು. ಮುಂದೆ ಕಮಿಷನರ್ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಇಂಥ ತೆರಿಗೆಗಳನ್ನು ರದ್ದುಪಡಿಸಿದಾಗ ಅವುಗಳ ಲೆಕ್ಕ 769ಕ್ಕೆ ಮುಟ್ಟಿತು. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ. ಎಂದೋ ಒಬ್ಬ ಪಾಳೆಯಗಾರನ ಕುದುರೆ ತಪ್ಪಿಸಿಕೊಂಡಾಗ ಅದನ್ನು ಹುಡುಕಿಕೊಡಲಿಲ್ಲವೆಂದು ಒಂದು ಹಳ್ಳಿಯವರು ತಲೆಮಾರುಗಳಿಂದ ದಂಡ ತೆರುತ್ತಿದ್ದರು. ನಗರದ ಸೀಮೆಯಲ್ಲಿ ಒಂದು ಗೊತ್ತಾದ ಜಾಗವನ್ನು ದಾಟುವಾಗ ಕೈಗಳನ್ನು ಮೈಗೆ ಅಂಟಿಸಿಕೊಂಡು ನಡೆಯದವನೂ ತೆರಿಗೆ ಕೊಡಬೇಕಾಗಿತ್ತು. ಇವುಗಳಲ್ಲಿ ಹಲವು ಹಳೆಯ ಕಾಲದಿಂದ ಬಂದವು. ಎಲ್ಲವನ್ನೂ ಒಬ್ಬ ದೊರೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಶರ್ತಿಯ ಅಮಲ್ದಾರನ ಕೈಯಲ್ಲಿ ಇವು ಒಂದೊಂದೂ ಒಂದೊಂದು ಕತ್ತರಿಯಾದವು. ಇದೇ ಕಾಲಕ್ಕೆ ದಕ್ಷಿಣ ದೇಶದಲ್ಲಿ ಧಾನ್ಯದ ಬೆಲೆ ಇಳಿಯಿತು. ಹಿಂದಿನ ಅಷ್ಟೇ ಹಣವನ್ನು ಕಟ್ಟಲು ರೈತನು ಹೆಚ್ಚು ಧಾನ್ಯ ಮಾರಬೇಕಾಯಿತು.

ಈ ಕಷ್ಟ ರಾಜ್ಯಕ್ಕೆಲ್ಲ ಸಾಮಾನ್ಯವಾಗಿತ್ತು. ಹಾಗಾದರೆ ಬೆಂಕಿ ನಗರದಲ್ಲಿಯೇ ಏಕೆ ಹೊತ್ತಿತು? ನಗರ ಫೌಜುದಾರಿ ಎಂದರೆ ಇಂದಿನ ಶಿವಮೊಗ್ಗ, ಚಿಕ್ಕಮಗಳೂರು ಸೀಮೆಗಳ ಬಹುಭಾಗ; ಅಡಿಕೆ, ಮೆಣಸು, ಏಲಕ್ಕಿ ಬೆಳೆಯುವ ಸಂಪನ್ನವಾದ ನಾಡು. ಅದು ಒಂದು ಕಾಲಕ್ಕೆ ಕೆಳದಿಯ ನಾಯಕರ ಸ್ವತಂತ್ರ ರಾಜ್ಯವಾಗಿತ್ತು. ರಾಜಧಾನಿ ಬಿದನೂರನ್ನು 1763ರಲ್ಲಿ ಹೈದರಾಲಿ ಹಿಡಿದ ಮೇಲೆ ಅದಕ್ಕೆ ಹೈದರ್‌ನಗರವೆಂದೂ, ಬರಬರುತ್ತಾ ಬರಿಯ ನಗರವೆಂದೂ ಹೆಸರಾಯಿತು. ರಾಜ್ಯ ಹೋದರೂ ಅದರ ನೆನಪು ಹೋಗಿರಲಿಲ್ಲ. ವಿಶೇಷವಾಗಿ ಹದಿನೇಳನೆಯ ಶತಮಾನದ ಶಿವಪ್ಪನಾಯಕನ ಶಿಸ್ತು ರೈತರ ಬಾಯಲ್ಲಿ ಉಳಿದಿತ್ತು. ಬೇರೆ ಬೇರೆ ತರಗತಿಯ ನೆಲಗಳಲ್ಲಿ ಸ್ವತಃ ಬೇಸಾಯ ಮಾಡಿಸಿ, ಬೀಜವೆಷ್ಟು, ಖರ್ಚೆಷ್ಟು, ಫಲವೆಷ್ಟು ಎಂದು ವರ್ಷ ವರ್ಷ ಬರೆದಿಟ್ಟು, ಅದರ ಮೇಲೆ ಕಂದಾಯ ಗೊತ್ತುಮಾಡಿದನೆಂದು ಅವನ ಕೀರ್ತಿ. ಗೊತ್ತಾದ ಕಂದಾಯವೆಂದರೇನೆಂದು ತಿಳಿದಿದ್ದ ಜನಕ್ಕೆ ವರ್ಷ ವರ್ಷವೂ ಕೂಗಿಗೆ ಏರುವ ಕಂದಾಯ ಅನ್ಯಾಯವೆಂದು ತೋರಿದುದರಲ್ಲಿ ಆಶ್ಚರ್ಯವಿಲ್ಲ. ಬಡತನ ಒಂದರಿಂದಲೇ ಜನ ದಂಗೆಯೇಳುವುದಿಲ್ಲ. ಹಿಂದೆ ಹೀಗಿರಲಿಲ್ಲ ಎಂಬ ನೆನಪು ಅದರೊಡನೆ ಸೇರಿದಾಗ ಏಳುತ್ತಾರೆ.

ಅದಕ್ಕೆ ಅಧಿಕಾರಿಗಳ ಒಳಜಗಳವೂ ಕೂಡಿತು. ನಗರದಲ್ಲಿ ಬಹುಕಾಲ ಫೌಜುದಾರನಾಗಿದ್ದ ರಾಮರಾಯನು ತನ್ನ ಬಂಧುಬಳಗವನ್ನೇ ಕೆಲಸಗಳಲ್ಲಿ ತುಂಬಿದ್ದನು. ಅವನ ತರುವಾಯ ಬಂದ ವೀರರಾಜೇ ಅರಸನು ಹಳೆಯ ಲೆಕ್ಕಗಳನ್ನು ಕೆದಕಿ, ಹಿಂದೆ ಮಾಫಿಯಾಗಿದ್ದ ಬಾಕಿಗಳು ಮೋಸದವೆಂದು ಮತ್ತೆ ವಸೂಲಿಗೆ ಹೊರಟನು. ತೀರಿತೆಂದುಕೊಂಡಿದ್ದ ಸಾಲ ಬಾಗಿಲಿಗೆ ಬಂದು ನಿಂತಂತಾಯಿತು. ಹಳೆಯ ಅಧಿಕಾರಿಗಳ ಕಡೆಯವರೂ ತಮ್ಮ ಹುಳುಕು ಹೊರಬೀಳುವ ಭಯದಿಂದ ರೈತರ ಅಸಮಾಧಾನಕ್ಕೆ ಒಳಗಿಂದೊಳಗೆ ಗಾಳಿ ಹಾಕಿದರೆಂದು ಆಮೇಲಿನ ವಿಚಾರಣೆಯಲ್ಲಿ ಕಂಡುಬಂದಿತು. ಗಾಳಿ ಹಾಕಿದವರು ಯಾರೇ ಆಗಲಿ, ಕೆಂಡ ಮೊದಲೇ ಇದ್ದಿತು.

1830ರ ಆಗಸ್ಟಿನಲ್ಲಿ ಊರಿಂದೂರಿಗೆ ಓಲೆಗಳು ಓಡಾಡಿದವು; ರೈತರು ಬಸವಾಪಟ್ಟಣದಲ್ಲಿ ಸೇರಬೇಕೆಂದು ಕರೆ ಹೋಯಿತು. ಹೀಗೆ ಸೇರಿದ ಸಭೆಗಳಿಗೆ ಕೂಟವೆಂದು ಹೆಸರು. ಈ ಮಾತನ್ನು ಗಮನಿಸಿ. ಕೂಟವೆಂದರೆ ದಂಡಲ್ಲ, ದರೋಡೆಯ ಗುಂಪೂ ಅಲ್ಲ. ಊರಿನ ಪಟೇಲರು, ಗೌಡರು, ರೈತರು ಒಂದೆಡೆ ಕಲೆತು, ಕಂದಾಯ ಕಟ್ಟುವುದಿಲ್ಲ, ನಮ್ಮ ಅಹವಾಲನ್ನು ಕೇಳುವವರೆಗೆ ಅಮಲ್ದಾರನ ಮಾತು ನಡೆಯಗೊಡುವುದಿಲ್ಲ ಎಂದು ಕೂರುವುದು. ನೂರು ವರ್ಷದ ಮೇಲೆ ಬಾರ್ಡೋಲಿಯ ಕರನಿರಾಕರಣೆಯನ್ನು ಕಂಡ ದೇಶಕ್ಕೆ ಈ ಕ್ರಮ ಅಪರಿಚಿತವಲ್ಲ. ಒಂದು ಕೂಟವನ್ನು ಕಂಡು ಇನ್ನೊಂದಾಯಿತು. ನಗರದಿಂದ ಚಿತ್ರದುರ್ಗದ ಕಡೆಗೆ, ಕಡೂರು, ತರೀಕೆರೆಗಳ ಕಡೆಗೆ ಕೂಟಗಳು ಹಬ್ಬಿದವು.

ಅದೇ 1830ರ ಜುಲೈಯಲ್ಲಿ ಪ್ಯಾರಿಸ್ ನಗರದ ಜನರು ಮೂರು ದಿನಗಳ ಹೋರಾಟದಲ್ಲಿ ಹತ್ತನೆಯ ಚಾರ್ಲ್ಸ್ ದೊರೆಯನ್ನು ಸಿಂಹಾಸನದಿಂದ ಇಳಿಸಿದ್ದರು. ಆಗಸ್ಟಿನಲ್ಲಿ ಬೆಲ್ಜಿಯಮ್ ದೇಶ ಡಚ್ಚರ ಅರಸನ ವಿರುದ್ಧ ಎದ್ದಿತ್ತು. ಬಸವಾಪಟ್ಟಣದ ರೈತರಿಗೆ ಆ ಸುದ್ದಿ ಮುಟ್ಟಿರುವ ಸಂಭವವೇ ಇಲ್ಲ. ಆದರೂ ಹೋಲಿಕೆ ಒಂದು ಇದೆ, ವ್ಯತ್ಯಾಸವೂ ಒಂದು ಇದೆ. ಕರ ವಸೂಲಿಯನ್ನು ಗುತ್ತಿಗೆಗೆ ಬಿಟ್ಟ ರಾಜ್ಯದಲ್ಲಿ ಪ್ರಜೆಯ ದ್ವೇಷ ಮೊದಲು ಗುತ್ತಿಗೆದಾರನ ಮೇಲೂ ಕೊನೆಗೆ ದೊರೆಯ ಮೇಲೂ ತಿರುಗುತ್ತದೆಂಬುದು 1789ರ ಫ್ರಾನ್ಸಿನಲ್ಲಿ ಕಂಡ ಪಾಠ. ಇಲ್ಲಿಯೂ ಅದೇ ಆಯಿತು. ವ್ಯತ್ಯಾಸವೆಂದರೆ, ಪ್ಯಾರಿಸಿನ ಜನ ತಮ್ಮ ದೊರೆಯನ್ನು ಇಳಿಸಿದಾಗ ಅವರ ಮತ್ತು ದೊರೆಯ ನಡುವೆ ಮೂರನೆಯವನಿರಲಿಲ್ಲ. ಇಲ್ಲಿ ಇದ್ದನು.

ಕೂಟಗಳ ಅಹವಾಲನ್ನು ಕೇಳಲು ಅಧಿಕಾರಿಗಳು ಹೋದುದುಂಟು. ಆದರೆ ರೈತರು ದೂರುತ್ತಿದ್ದುದು ಅಧಿಕಾರಿಗಳ ಮೇಲೆಯೇ. ತೀರ್ಪು ಹೇಳಬೇಕಾದವರೂ ಅವರೇ. ಮಾತು ಮುರಿದಲ್ಲಿ ಬಂದೂಕು ಮಾತಾಡಿತು. ಹೊಳೆಹೊನ್ನೂರಿನ ಬಳಿ ಗುಂಡು ಹಾರಿ ರೈತರು ಸತ್ತರು. ಅಲ್ಲಿಂದ ಮುಂದೆ ಕೂಟದ ಸ್ವರೂಪವೇ ಬದಲಾಯಿತು. ಬೂದಿ ಬಸವಪ್ಪನೆಂಬವನು ತಾನು ಕೆಳದಿಯ ನಾಯಕರ ವಂಶದವನೆಂದು ಹೇಳಿಕೊಂಡು ನಗರದ ದೊರೆತನಕ್ಕೆ ಹಕ್ಕುದಾರನಾಗಿ ನಿಂತನು. ಅವನ ನಿಜವಾದ ಹೆಸರು ಸದರ ಮಲ್ಲ, ಚಿನ್ನಿಕಟ್ಟೆಯ ಕಡೆಯವನು. ವಂಶದ ಹಕ್ಕು ಬರಿಯ ವೇಷವೆಂದು ಸರ್ಕಾರದ ಕಾಗದಗಳು ಹೇಳುತ್ತವೆ. ಆದರೆ ವೇಷವನ್ನು ಜನ ಏಕೆ ಒಪ್ಪಿದರೆಂಬುದು ಮುಖ್ಯವಾದ ಪ್ರಶ್ನೆ. ಅವರಿಗೆ ಬೇಕಾಗಿದ್ದುದು ಶಿವಪ್ಪನಾಯಕನ ಶಿಸ್ತು. ಅದನ್ನು ತರುತ್ತೇನೆಂದು ಬಂದವನನ್ನು ವಂಶಾವಳಿ ಕೇಳಿ ಪರೀಕ್ಷಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ. ದೊರೆ ಕೆಟ್ಟರೆ ಇನ್ನೊಬ್ಬ ದೊರೆಯನ್ನು ಹುಡುಕಬೇಕೆಂಬುದಕ್ಕಿಂತ ಆಚೆಗೆ ಆ ಕಾಲದ ರಾಜಕೀಯ ಕಲ್ಪನೆ ಹೋಗಿರಲಿಲ್ಲ. ತರೀಕೆರೆಯ ಹಳೆಯ ಪಾಳೆಯಗಾರ ಮನೆತನದ ರಂಗಪ್ಪನಾಯಕನೂ ಕಾಡುಬೆಟ್ಟಗಳ ಕೋಟೆಗಳನ್ನು ಹಿಡಿದು ದಂಗೆಗೆ ಸೇರಿದನು.

ಡಿಸೆಂಬರಿನಲ್ಲಿ ಮಹಾರಾಜರೇ ಮೈಸೂರಿನಿಂದ ಚನ್ನರಾಯಪಟ್ಟಣದ ಕಡೆಗೆ ಸವಾರಿ ಹೊರಟರು. ಸಮೀಪದ ಕೂಟಗಳು ಚೆದುರಿದವು, ದೂರದವು ಚೆದುರಲಿಲ್ಲ. ಸಂಬಳ ಬಾಕಿಯಿದ್ದ ಸೈನ್ಯದಿಂದ ಮಲೆನಾಡನ್ನು ಗೆಲ್ಲುವುದು ಸಾಧ್ಯವಾಗಲಿಲ್ಲ. ಕೊನೆಗೆ ಕಂಪೆನಿಯ ಪಡೆಗಳನ್ನು ಕರೆಯಬೇಕಾಯಿತು. 1831ರ ಮೊದಲ ತಿಂಗಳುಗಳಲ್ಲಿ ಬೆಟ್ಟದ ಕೋಟೆಗಳೂ ಹೊನ್ನಾಳಿ, ಶಿಕಾರಿಪುರದ ಸೀಮೆಗಳೂ ಒಂದೊಂದಾಗಿ ಬಿದ್ದವು. ಜೂನಿನಲ್ಲಿ ನಗರವೂ ಬಿದ್ದಿತು. ಸೆರೆಸಿಕ್ಕವರಲ್ಲಿ ಅನೇಕರು ಗಲ್ಲಿಗೇರಿದರು. ಅವರ ಹೆಸರುಗಳು ಯಾವ ಶಾಸನದಲ್ಲಿಯೂ ಕೆತ್ತಿಲ್ಲ. ಕಂದಾಯದ ಲೆಕ್ಕವನ್ನು ಹಣಕ್ಕೆ ಹಣ ಬರೆದಿಟ್ಟ ಕಾಲ ಇವರ ಲೆಕ್ಕವನ್ನು ಬರೆಯಲಿಲ್ಲ.

ದಂಗೆ ಅಡಗಿತು. ಆದರೆ ಕರೆಸಿಕೊಂಡ ಸಹಾಯಕ್ಕೆ ಬೆಲೆ ತೆರುವ ಸಮಯ ಈಗ ಬಂದಿತು. ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕನು 1831ರ ಸೆಪ್ಟೆಂಬರ್ 7ರಂದು ಮಹಾರಾಜರಿಗೆ ಪತ್ರ ಬರೆದು, 1799ರ ಒಪ್ಪಂದದ ಬಲದಿಂದ ಆಡಳಿತವನ್ನು ಕಂಪೆನಿ ವಹಿಸಿಕೊಳ್ಳುವುದೆಂದು ತಿಳಿಸಿದನು. ಆ ಅಕ್ಟೋಬರಿನಲ್ಲಿ, ದಸರೆಯ ಮಾಸದಲ್ಲಿ, ಮಹಾರಾಜರು ಎದುರು ಮಾತಾಡದೆ ರಾಜ್ಯಭಾರವನ್ನು ಒಪ್ಪಿಸಿದರು. ಅವರ ವೆಚ್ಚಕ್ಕೆಂದು ವರ್ಷಕ್ಕೆ ಒಂದು ಲಕ್ಷ ವರಹವೂ ನಿವ್ವಳ ಆದಾಯದಲ್ಲಿ ಐದನೆಯ ಒಂದು ಪಾಲೂ ಗೊತ್ತಾಯಿತು. ಅಂದು ಅವರಿಗೆ 37 ವರ್ಷ. 1868ರಲ್ಲಿ ಕಣ್ಮುಚ್ಚುವವರೆಗೆ ಅವರು ರಾಜ್ಯವನ್ನು ಹಿಂದಕ್ಕೆ ಕೇಳುತ್ತಲೇ ಇದ್ದರು.

ಆಮೇಲೆ ನಡೆದುದು ಇನ್ನೂ ಸ್ವಾರಸ್ಯವಾಗಿದೆ. ಹಾಕರ್, ಮಾರಿಸನ್, ಮೆಕ್ಲಿಯೋಡ್, ಕಬ್ಬನ್ ಎಂಬ ನಾಲ್ವರ ವಿಚಾರಣಾ ಸಮಿತಿ ಡಿಸೆಂಬರ್ 1833ರಲ್ಲಿ ವರದಿ ಕೊಟ್ಟಿತು. ದಂಗೆಗೆ ಕಾರಣ ದುರಾಡಳಿತವೆಂದೇ ಹೇಳಿತು. ಆದರೆ ಕಪ್ಪ ತಪ್ಪುವ ಅಪಾಯ ಒಪ್ಪಂದದಲ್ಲಿ ಹೇಳಿದಷ್ಟು ಹತ್ತಿರವಿತ್ತೇ, ಇಡೀ ರಾಜ್ಯವನ್ನು ತೆಗೆದುಕೊಳ್ಳುವ ಹಕ್ಕು ತಮಗಿತ್ತೇ ಎಂಬ ಸಂಶಯ ಸ್ವತಃ ಬೆಂಟಿಂಕನಿಗೇ ಬಂದಿತು. 1834ರಲ್ಲಿ ಮೈಸೂರಿಗೆ ಬಂದು ಹೋದ ಮೇಲೆ ರಾಜ್ಯದ ಒಂದು ಭಾಗವನ್ನು ದೊರೆಗೆ ಹಿಂದಿರುಗಿಸಬಹುದೆಂದು ಅವನು ಸೂಚಿಸಿದನು. ಇಂಗ್ಲೆಂಡಿನಲ್ಲಿ ಅದಕ್ಕೆ ಒಪ್ಪಿಗೆ ದೊರೆಯಲಿಲ್ಲ. ಕೈಗೆ ಬಂದುದನ್ನು ಬಿಡುವುದು ಕಂಪೆನಿಯ ಪದ್ಧತಿಯಾಗಿರಲಿಲ್ಲ.

ಹಾಗಾದರೆ ರೈತನಿಗೆ ಏನು ಸಿಕ್ಕಿತು? ಏನೂ ಸಿಕ್ಕಲಿಲ್ಲವೆಂದರೆ ತಪ್ಪಾದೀತು. ಶರ್ತಿ ಹೋಯಿತು. ಆ 769 ತೆರಿಗೆಗಳು ಹೋದವು. 1834ರಿಂದ 1861ರವರೆಗೆ ಆಳಿದ ಕಬ್ಬನ್ನನ ಕಾಲದಲ್ಲಿ ಕಂದಾಯಕ್ಕೆ ಒಂದು ಕ್ರಮ ಬಂದಿತು, ರಸ್ತೆಗಳಾದವು. ಆದರೆ ರೈತನು ಕೂಟ ಕಟ್ಟಿದ್ದು ಇಂಗ್ಲಿಷರ ಆಳ್ವಿಕೆ ಬೇಕೆಂದಲ್ಲ. ದೊರೆ ತನ್ನ ಮಾತು ಕೇಳಲಿ ಎಂದು. ಅವನು ಕೇಳಿದ್ದು ಕಿವಿಯನ್ನು. ದೊರೆತದ್ದು ಒಡೆಯನ ಬದಲಾವಣೆ. ಹೊಸ ಒಡೆಯನು ಕೆಲವು ಹೊರೆಗಳನ್ನು ಇಳಿಸಿದನೆಂಬುದು ನಿಜ. ಆದರೆ ಇಳಿಸಬೇಕೋ ಏರಿಸಬೇಕೋ ಎಂಬ ಮಾತಿನಲ್ಲಿ ರೈತನಿಗೆ ಹಿಂದೆಯೂ ಧ್ವನಿಯಿರಲಿಲ್ಲ, ಈಗಲೂ ಬರಲಿಲ್ಲ.

ನಗರದ ದಂಗೆಯಲ್ಲಿ ನಾವು ಕಾಣಬೇಕಾದುದು ಇದನ್ನೇ. ದೊರೆ ಕ್ರೂರಿಯಾಗಿದ್ದನೆಂದು ದಂಗೆಯಾಗಲಿಲ್ಲ. ಮುಮ್ಮಡಿ ಕೃಷ್ಣರಾಜರು ಕ್ರೂರಿಗಳೆಂದು ಅವರ ಶತ್ರುಗಳೂ ಹೇಳಲಿಲ್ಲ. ದೊರೆಗೂ ರೈತನಿಗೂ ನಡುವೆ, ಅಮಲ್ದಾರನನ್ನು ಬಿಟ್ಟರೆ, ಬೇರೆ ಬಾಗಿಲೇ ಇರಲಿಲ್ಲ ಎಂಬುದರಿಂದ ದಂಗೆಯಾಯಿತು. ಒಳ್ಳೆಯ ಮನಸ್ಸಿನ ದೊರೆಯಾದರೂ ತನ್ನ ಕಿವಿಯನ್ನು ಗುತ್ತಿಗೆಗೆ ಕೊಟ್ಟ ಮೇಲೆ ಪ್ರಜೆಯ ಮಾತು ಅವನಿಗೆ ಗುಂಡಿನ ಸದ್ದಾಗಿಯೇ ಕೇಳಬೇಕಾಗುತ್ತದೆ.

ಈ ಪಾಠ ವ್ಯರ್ಥವಾಗಲಿಲ್ಲ. 1881ರ ಮಾರ್ಚ್ 25ರಂದು ರಾಜ್ಯ ಮತ್ತೆ ಒಡೆಯರ ಕೈಗೆ ಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ರಾಜ್ಯದ ರೈತರ ಮತ್ತು ವರ್ತಕರ 144 ಜನ ಪ್ರತಿನಿಧಿಗಳನ್ನು ಕರೆಸಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅದಕ್ಕೆ ಅಧಿಕಾರವೇನೂ ಇರಲಿಲ್ಲ. ಅಹವಾಲು ಹೇಳುವುದು, ಸರ್ಕಾರದ ಲೆಕ್ಕ ಕೇಳುವುದು, ಅಷ್ಟೆ. ಆದರೆ ಬಸವಾಪಟ್ಟಣದ ಕೂಟ ಕೇಳಿದ್ದೂ ಅಷ್ಟನ್ನೇ ಅಲ್ಲವೆ? ಐವತ್ತು ವರ್ಷದ ಹಿಂದೆ ರಾಜದ್ರೋಹವೆನಿಸಿದ್ದ ಕೂಟ ಈಗ ದಸರೆಯ ಸಮಯದಲ್ಲಿ ಸರ್ಕಾರದ ಆಹ್ವಾನದ ಮೇಲೆ ಸೇರುವಂತಾಯಿತು. ಹೇಳಿಕೊಳ್ಳುವ ಹಕ್ಕಿನಿಂದ ಆಳಿಕೊಳ್ಳುವ ಹಕ್ಕಿಗೆ ಬರಲು ಇನ್ನೂ ಅರುವತ್ತಾರು ವರ್ಷ ಬೇಕಾಯಿತು. 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಎಂದು ಹೊರಟ ಜನ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವನ್ನು ಕಂಡರು. ಈ ಬಾರಿ ಪ್ರಜೆಗೂ ದೊರೆಗೂ ನಡುವೆ ಮೂರನೆಯವನು ಇರಲಿಲ್ಲ. ಆದುದರಿಂದ ಹೋರಾಟದ ಫಲ ಹೋರಾಡಿದವರಿಗೇ ಸಂದಿತು.

ನಗರಕ್ಕೆ ನೀವು ಹೋದರೆ ಶಿವಪ್ಪನಾಯಕನ ಹೆಸರಿನ ಕೋಟೆಯನ್ನು ನೋಡಿ ಬರುತ್ತೀರಿ. ಆ ಕೋಟೆಯನ್ನು ಕಟ್ಟಿದವರನ್ನೂ ಗೆದ್ದವರನ್ನೂ ಚರಿತ್ರೆ ಬರೆದಿಟ್ಟಿದೆ. ಅದರ ಸುತ್ತಿನ ಹೊಲ ತೋಟಗಳಿಂದ ಎದ್ದು ಬಂದು, ನಮ್ಮ ಮಾತು ಕೇಳಿರಿ ಎಂದು ಕೂತವರನ್ನೂ ಒಂದು ಗಳಿಗೆ ಅಲ್ಲಿ ನೆನೆಯುವುದು ನಮ್ಮ ಕೈಯಲ್ಲಿದೆ.